ಕೆರೆಯ ಹೂಳೂ ಕಾಲದ ಸಾಕ್ಷಿಯೂ

ಶಾಲೆಯ ಸ್ಮರಣಸಂಚಿಕೆಯಲ್ಲಿ ಶಾಲೆಯ ಅಭಿವೃದ್ಧಿಯನ್ನೂ ಪರೀಕ್ಷಾಫಲಗಳನ್ನೂ ಉಪಕಾರಿಗಳಾದ ಮಹನೀಯರ ಹೆಸರುಗಳನ್ನೂ ಬರೆಯುವುದು ಸಂಪ್ರದಾಯವಾಗಿರುವುದು. ಆ ಕೆಲಸವನ್ನು ಈ ಸಂಚಿಕೆಯ ಇತರ ಪುಟಗಳು ಯಥೋಚಿತವಾಗಿ ಮಾಡಿರುವುದರಿಂದ, ನಮ್ಮ ಪಾಲಿಗೆ ಬಂದಿರುವ ಈ ಕೆಲವು ಪುಟಗಳನ್ನು ನಾವು ಕೆರೆಯ ಹೂಳಿನ ವಿಚಾರಕ್ಕೆ ಮೀಸಲಾಗಿಡಲು ಮನಸ್ಸು ಮಾಡಿರುವೆವು. ಹೆಣ್ಣುಮಕ್ಕಳ ಪ್ರೌಢಶಾಲೆಗೂ ಹೂಳಿಗೂ ಏನು ಸಂಬಂಧವೆಂದು ಪೋಷಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಸಂಬಂಧವು ಬಹಳ ಹತ್ತಿರದ್ದೆಂದೇ ನಮ್ಮ ಅಭಿಪ್ರಾಯ. ನಿಂತ ನೀರಿನ ತಳದಲ್ಲಿ ತಂಗಿದ ಮಣ್ಣು, ಮನುಷ್ಯರು ಬರೆಯಲು ಕಲಿಯದಿದ್ದ ಕಾಲದ ಚರಿತ್ರೆಯಾಗಿರುವುದು. ಆ ಮಣ್ಣಿನ ನಡುವೆ ಒಮ್ಮೊಮ್ಮೆ ದೊರೆಯುವ ಜ್ವಾಲಾಮುಖಿಯ ಬೂದಿಯ ಗೆರೆಯು ಆ ಚರಿತ್ರೆಗೆ ಹಾಕಿದ ತೇದಿಯಾಗಿರುವುದು. ಇಂಥ ಮಣ್ಣನ್ನು ಅಗೆಯುವವರು ಅಗೆಯಲಿ. ಆದರೆ ಓದಲು ಒಂದು ಪುಟವನ್ನಾದರೂ ಉಳಿಸದೆ ಎಲ್ಲವನ್ನೂ ಬಾಚಿ ಹಾಕುವುದು ಸರಿಯಲ್ಲವೆಂಬುದನ್ನು ವಾಚಕರ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕೆಂಬುದು ಉಪಾಧ್ಯಾಯರ ತರಬೇತಿಯಲ್ಲಿ ನಾವು ಕಲಿತ ಮೊದಲನೆಯ ಸೂತ್ರ. ಆದುದರಿಂದ ನಮ್ಮ ಊರಿನಿಂದಲೇ ಆರಂಭಿಸುವೆವು. ಕುದೂರಿನ ಸುತ್ತಮುತ್ತ ಬೇಸಿಗೆಯಲ್ಲಿ ಕೆರೆಯಂಗಳವು ಒಣಗಿತೆಂದರೆ ಗೋಡು ಹೊಡೆಯುವ ಕಾಲ ಬಂದಿತೆಂದು ಒಕ್ಕಲುಮಕ್ಕಳು ಬಲ್ಲರು. ಹಿಂದೆ ಎತ್ತಿನ ಗಾಡಿಗಳಲ್ಲಿ ಸಾಗುತ್ತಿದ್ದ ಗೋಡುಮಣ್ಣು ಈಗ ಟ್ರ್ಯಾಕ್ಟರುಗಳಲ್ಲಿ ಹೊಲಗಳಿಗೆ ಹೋಗುವುದು. ಈ ಮಣ್ಣು ಎಲ್ಲಿಂದ ಬಂದಿತು? ಮಳೆಗಾಲದಲ್ಲಿ ಕೆಂಪಗೆ ಹರಿದು ಬರುವ ಹಳ್ಳದ ನೀರು ಮೊದಲು ಮರಳನ್ನೂ, ಆಮೇಲೆ ಒಂಡನ್ನೂ, ಕಟ್ಟಕಡೆಗೆ ಹಿಟ್ಟಿನಂಥ ನುಣ್ಣನೆಯ ಜೇಡಿಯನ್ನೂ ತಳಕ್ಕೆ ಇಳಿಸುವುದು. ಮರುವರ್ಷ ಅದರ ಮೇಲೆ ಇನ್ನೊಂದು ಪದರ. ಅದರ ಮರುವರ್ಷ ಮತ್ತೊಂದು. ಯಾರೂ ಕೆದಕದಿದ್ದರೆ ಅಡಿಯಲ್ಲಿರುವುದು ಹಳೆಯದು, ಮೇಲಿರುವುದು ಹೊಸದು. ಮಣ್ಣಿನೊಡನೆ ಆ ಆ ಕಾಲದ ಹೂವಿನ ಪರಾಗವೂ, ಕಾಡು ಸುಟ್ಟ ಇದ್ದಿಲಿನ ಚೂರೂ, ಶಂಖದ ಹುಳುವಿನ ಚಿಪ್ಪೂ, ಮಡಕೆಯ ಬಿಲ್ಲೆಯೂ ಸೇರಿ ಹೂತುಹೋಗುವುವು. ವಿಜಯನಗರದ ಬಳಿಯ ಕಮಲಾಪುರದ ಕೆರೆಯ ಹೂಳಿನೊಳಗಿನ ಪರಾಗಕಣಗಳನ್ನು ಕ್ಯಾಥ್‌ಲೀನ್ ಮಾರಿಸನ್ ಎಂಬ ವಿದುಷಿಯು ಪರೀಕ್ಷಿಸಿ, ಆ ರಾಜಧಾನಿಯ ಸುತ್ತ ಬೇಸಾಯವು ಹೇಗೆ ಬದಲಾಯಿತೆಂಬುದನ್ನು ವಿಚಾರಮಾಡಿರುವರು. ಕೆರೆಯ ಕೆಸರು ಕೂಡ ಗ್ರಂಥವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಆದರೆ ಈ ಗ್ರಂಥಕ್ಕೆ ಒಂದು ಕೊರತೆಯುಂಟು. ಪುಟಗಳು ಕ್ರಮವಾಗಿರುವುವು, ಪುಟಗಳ ಮೇಲೆ ಅಂಕಿಗಳಿಲ್ಲ. ಒಂದು ಕೆರೆಯಲ್ಲಿ ವರ್ಷಕ್ಕೆ ಒಂದು ಬೆರಳಿನಷ್ಟು ಹೂಳು ತಂಗಿದರೆ, ಇನ್ನೊಂದರಲ್ಲಿ ಒಂದು ಕೂದಲೆಳೆಯಷ್ಟು ಮಾತ್ರ ತಂಗಬಹುದು. ಹೀಗಿರುವಾಗ ಇಲ್ಲಿಯ ಒಂದು ಗಜದ ಆಳವೂ ಅಲ್ಲಿಯ ಒಂದು ಗಜದ ಆಳವೂ ಒಂದೇ ಕಾಲದ್ದೆಂದು ಹೇಳುವುದು ಹೇಗೆ? ನಮ್ಮ ಎಂಟನೆಯ ತರಗತಿಯ ಹುಡುಗಿಯರು ಇದನ್ನು ಎರಡು ಗಾಜಿನ ಜಾಡಿಗಳಲ್ಲಿ ಮಾಡಿ ನೋಡುವರು. ಎರಡರಲ್ಲಿಯೂ ನೀರು, ಒಂದಕ್ಕೆ ದಿನವೂ ಒಂದು ಹಿಡಿ ಜರಡಿ ಹಿಡಿದ ಮಣ್ಣು, ಇನ್ನೊಂದಕ್ಕೆ ಒಂದು ಚಿಟಿಕೆ. ಯಾವುದೋ ಒಂದು ದಿನ ಎರಡು ಜಾಡಿಗಳಿಗೂ ಇಟ್ಟಿಗೆಯ ಕೆಂಪು ಪುಡಿಯನ್ನು ಉದುರಿಸಿ, ಮತ್ತೆ ಮೊದಲಿನಂತೆ ಮಣ್ಣನ್ನೇ ಹಾಕುತ್ತ ಹೋಗುವರು. ಒಂದು ತಿಂಗಳು ಕಳೆದ ಮೇಲೆ ನೋಡಿದರೆ, ಒಂದು ಜಾಡಿಯಲ್ಲಿ ಕೆಂಪು ಗೆರೆಯು ಆಳದಲ್ಲಿರುವುದು, ಇನ್ನೊಂದರಲ್ಲಿ ಮೇಲ್ಮಟ್ಟದ ಸಮೀಪದಲ್ಲಿಯೇ ಇರುವುದು. ಆಳ ಬೇರೆಯಾದರೂ ದಿನ ಒಂದೇ. ಈ ಒಂದು ಮಾತನ್ನು ಹಿಡಿದ ಹುಡುಗಿಗೆ ಇಲ್ಲಿ ಮುಂದೆ ನಾವು ಹೇಳಲಿರುವುದೆಲ್ಲವೂ ಸುಲಭವಾಗುವುದು.

ನಮ್ಮ ತಾಲ್ಲೂಕಿನ ಚರಿತ್ರೆಯಿಂದಲೇ ಇನ್ನೊಂದು ಉಪಮಾನವನ್ನು ಕೊಡಬಹುದು. ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವ್ಯಾಜ್ಯವನ್ನು 1368ರಲ್ಲಿ ತೀರಿಸಿ ಮಾಡಿಸಿದ ಒಡಂಬಡಿಕೆಯ ಶಾಸನವು ಶ್ರವಣಬೆಳಗೊಳದಲ್ಲಿ ಇರುವುದು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಅದೇ ಒಡಂಬಡಿಕೆಯ ಶಾಸನವಿರುವುದು. ಊರುಗಳು ಎರಡು, ಕಲ್ಲುಗಳು ಎರಡು, ಕಾಲ ಮಾತ್ರ ಒಂದೇ. ಎರಡು ಊರುಗಳ ಚರಿತ್ರೆಯನ್ನು ಒಂದಕ್ಕೊಂದು ಕಟ್ಟಿ ನಿಲ್ಲಿಸುವ ಗೂಟವಾಗಿ ಆ ಶಾಸನ ನಿಂತಿರುವುದು. ಆದರೆ ಶಾಸನಗಳ ಕಾಲವು ನಮ್ಮ ನಾಡಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳಿಗಿಂತ ಬಹಳ ಹಿಂದೆ ಹೋಗದು. ಇನ್ನೊಂದು ಕಡೆ, ಸಾವನದುರ್ಗದ ಬಂಡೆಯನ್ನು ಕೇಳಿದರೆ ಅದು ಸುಮಾರು 250 ಕೋಟಿ ವರ್ಷಗಳ ಮಾತನ್ನಾಡುವುದು. ಬಂಡೆಯ ಕೋಟಿಗೂ ಶಾಸನದ ಸಾವಿರಕ್ಕೂ ನಡುವೆ, ಮನುಷ್ಯನು ಕಲ್ಲಿನ ಆಯುಧವನ್ನು ಹಿಡಿದು ಈ ನೆಲದ ಮೇಲೆ ತಿರುಗಾಡಿದ ಅತಿ ದೀರ್ಘವಾದ ಕಾಲವೊಂದು ಬಿದ್ದಿರುವುದು. ಆ ಕಾಲಕ್ಕೆ ಗೂಟ ಹೊಡೆಯುವುದು ಹೇಗೆಂಬ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಒಂದೇ ಜ್ವಾಲಾಮುಖಿಯ ಬೂದಿ.

ಈ ಬೂದಿಯು ನಮ್ಮ ಒಲೆಯ ಬೂದಿಯಂಥದಲ್ಲ. ಸೌದೆ ಸುಟ್ಟು ಉಳಿದದ್ದು ಒಲೆಯ ಬೂದಿ. ಭೂಮಿಯ ಒಳಗಿನ ಕರಗಿದ ಶಿಲೆಯು ಅನಿಲಗಳ ಒತ್ತಡದಿಂದ ಸಿಡಿದು, ಗಾಳಿಯಲ್ಲಿ ಥಟ್ಟನೆ ಆರಿ, ಚೂರುಚೂರಾದ ಗಾಜು ಇದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಗುಳ್ಳೆಯ ಅಂಚುಗಳಂತೆ ಬಾಗಿದ ಚೂರುಗಳು ಕಾಣುವುವು. ಸಿಲಿಕ, ಪೊಟ್ಯಾಸಿಯಂ, ಕಬ್ಬಿಣ ಮೊದಲಾದುವು ಈ ಗಾಜಿನಲ್ಲಿ ಇರುವ ಪ್ರಮಾಣವು ಒಂದು ಪರ್ವತದಿಂದ ಇನ್ನೊಂದು ಪರ್ವತಕ್ಕೆ, ಎಷ್ಟೋ ವೇಳೆ ಒಂದೇ ಪರ್ವತದ ಒಂದು ಸ್ಫೋಟದಿಂದ ಇನ್ನೊಂದು ಸ್ಫೋಟಕ್ಕೆ, ಬೇರೆಯಾಗಿರುವುದು. ಹೆಬ್ಬೆಟ್ಟಿನ ಗುರುತಿನಿಂದ ಮನುಷ್ಯನನ್ನು ಹಿಡಿಯುವಂತೆ, ಈ ಪ್ರಮಾಣದಿಂದ ಬೂದಿಯ ತವರನ್ನು ಹಿಡಿಯಬಹುದು. ಸ್ಫೋಟವು ಕೆಲವು ದಿನಗಳ ಅಥವಾ ವಾರಗಳ ಕೆಲಸ; ಗಾಳಿಯು ಆ ಧೂಳನ್ನು ಸಾವಿರಾರು ಮೈಲಿ ಹೊತ್ತೊಯ್ದು ಬೆಟ್ಟ, ಬಯಲು, ಸಮುದ್ರ, ಸರೋವರಗಳೆನ್ನದೆ ಎಲ್ಲದರ ಮೇಲೂ ಉದುರಿಸುವುದು. ಬೆಟ್ಟದ ಮೇಲಿನದು ಮಳೆಗೆ ಕೊಚ್ಚಿಹೋಗುವುದು. ಬಯಲಿನದು ಉಳುಮೆಗೆ ಸಿಕ್ಕಿ ಕಲೆತುಹೋಗುವುದು. ಸರೋವರದ ಶಾಂತವಾದ ತಳಕ್ಕೆ ಇಳಿದದ್ದು ಮಾತ್ರ ಬಿದ್ದಂತೆಯೇ ಇದ್ದು, ಮರುವರ್ಷದ ಹೂಳಿನಿಂದ ಮುಚ್ಚಿಕೊಂಡು, ಲಕೋಟೆಯೊಳಗಿನ ಕಾಗದದಂತೆ ಭದ್ರವಾಗಿರುವುದು.

ಈ ವಿದ್ಯೆಗೆ ಕ್ರಮವಾದ ರೂಪವನ್ನು ಕೊಟ್ಟವರಲ್ಲಿ ಐಸ್‌ಲ್ಯಾಂಡ್ ದೇಶದ ಸಿಗುರ್ದೂರ್ ಥೋರಾರಿನ್ಸನ್ ಎಂಬವರು ಅಗ್ರಗಣ್ಯರು. ಬೂದಿಗೆ ಇರುವ ಗ್ರೀಕ್ ಶಬ್ದವನ್ನು ತೆಗೆದುಕೊಂಡು ಇಂಥ ನಿಕ್ಷೇಪಕ್ಕೆ ‘ಟೆಫ್ರ’ ಎಂಬ ಹೆಸರನ್ನು ಅವರು 1944ರಲ್ಲಿ ರೂಢಿಗೆ ತಂದರು. ಅವರ ದೇಶದಲ್ಲಿ ಹೆಕ್ಲಾ ಪರ್ವತವು 1104ರಲ್ಲಿ ಸಿಡಿದಾಗ ಬಿದ್ದ ಬಿಳಿಯ ಬೂದಿಯು ಇಂದಿಗೂ ಮಣ್ಣಿನಲ್ಲಿ ಗೆರೆಯೆಳೆದಂತೆ ಕಾಣುವುದು. ಅದಕ್ಕೂ ಕೆಳಗೆ 870ರ ದಶಕದ ಇನ್ನೊಂದು ಬೂದಿಯ ಪದರವುಂಟು. ಆ ದ್ವೀಪದಲ್ಲಿ ಜನವಸತಿಯ ಕುರುಹುಗಳು ಬಹುಮಟ್ಟಿಗೆ ಆ ಪದರದ ಮೇಲೆಯೇ ದೊರೆಯುವುದರಿಂದ, ಮೊದಲ ಒಕ್ಕಲು ಬಂದು ನೆಲಸಿದ ಕಾಲ ಯಾವುದೆಂಬುದು ಬೂದಿಯಿಂದಲೇ ಗೊತ್ತಾಯಿತು.

ಬೂದಿಗೆ ತೇದಿಯನ್ನು ಕೊಡುವವರು ಯಾರೆಂಬ ಸಂಶಯವು ಸಹಜವಾಗಿಯೇ ಏಳುವುದು. ಕೆಲವು ಸ್ಫೋಟಗಳನ್ನು ಜನರೇ ಬರೆದಿಟ್ಟಿರುವರು. ಕೆಲವಕ್ಕೆ ಗ್ರೀನ್‌ಲ್ಯಾಂಡಿನ ಹಿಮದ ವಾರ್ಷಿಕ ಪದರಗಳನ್ನು ಎಣಿಸಿ ವರ್ಷವನ್ನು ಕಂಡುಹಿಡಿದಿರುವರು. ಬೂದಿಯ ಪಕ್ಕದಲ್ಲಿ ಎಲೆ, ಇದ್ದಿಲು ದೊರೆತರೆ, 1949ರಲ್ಲಿ ವಿಲ್ಲರ್ಡ್ ಲಿಬ್ಬಿಯವರೂ ಅವರ ಸಂಗಡಿಗರೂ ಪ್ರಕಟಿಸಿದ ಇಂಗಾಲದ ಪರೀಕ್ಷೆಯು ಸುಮಾರು 50,000 ವರ್ಷಗಳವರೆಗೆ ಉಪಯೋಗಕ್ಕೆ ಬರುವುದು. ಅದಕ್ಕೂ ಹಿಂದಿನದಾದರೆ, ಬೂದಿಯೊಡನೆ ಬಂದ ಹರಳುಗಳಲ್ಲಿ ಪೊಟ್ಯಾಸಿಯಂ ಬಹು ನಿಧಾನವಾಗಿ ಆರ್ಗಾನ್ ಅನಿಲವಾಗಿ ಮಾರ್ಪಡುವುದನ್ನು ಅಳೆದು ವಯಸ್ಸನ್ನು ನಿರ್ಣಯಿಸುವರು. ಒಂದು ಕಡೆ ಹೀಗೆ ನಿರ್ಣಯವಾದ ವಯಸ್ಸು, ಅದೇ ಬೂದಿ ಬಿದ್ದ ಸಕಲ ಸ್ಥಳಗಳಿಗೂ ಸಲ್ಲುವುದೆಂಬುದೇ ಈ ಪದ್ಧತಿಯ ಹೆಚ್ಚುಗಾರಿಕೆ.

ಅಮೆರಿಕದ ಆರೆಗಾನ್ ಸೀಮೆಯ ಒಂದು ಗುಹೆಯಲ್ಲಿ ಲೂಥರ್ ಕ್ರೆಸ್‌ಮನ್ ಎಂಬವರು 1938ರಲ್ಲಿ ಅಗೆದಾಗ, ಗಿಡದ ತೊಗಟೆಯಿಂದ ನೇಯ್ದ ಪಾದರಕ್ಷೆಗಳು ಹತ್ತಾರು ದೊರೆತುವು. ಅವೆಲ್ಲವೂ ಮಜಾಮ ಎಂಬ ಅಗ್ನಿಪರ್ವತದ ಬೂದಿಯ ಕೆಳಗೆ ಇದ್ದುವು. ಆ ಪರ್ವತವು ಸುಮಾರು 7,700 ವರ್ಷಗಳ ಹಿಂದೆ ಸಿಡಿದು ಕುಸಿದುದು. ಆದುದರಿಂದ ಅವನ್ನು ನೇಯ್ದ ಕೈಗಳು ಅದಕ್ಕೂ ಹಿಂದಿನವು. ಚಾಪೆ ಹೆಣೆಯುವ, ಬುಟ್ಟಿ ನೇಯುವ ಕೈಗಳ ಬೆಲೆಯನ್ನು ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಸಂಗತಿಯು ರುಚಿಸದೆ ಇರದು. ಜಪಾನಿನ ಫುಕುಯಿ ಪ್ರಾಂತ್ಯದ ಸುಯಿಗೆತ್ಸು ಸರೋವರದ ತಳದಲ್ಲಿ, ವರ್ಷಕ್ಕೊಂದರಂತೆ ತಂಗಿದ ತೆಳುವಾದ ಪದರಗಳು ಸುಮಾರು 45 ಮೀಟರುಗಳಷ್ಟು ದಪ್ಪವಾಗಿ, ಸುಮಾರು 70,000 ವರ್ಷಗಳ ಲೆಕ್ಕವನ್ನು ಹೊತ್ತಿರುವುವು. ಅವುಗಳ ನಡುವೆ ಸುಮಾರು 30,000 ವರ್ಷಗಳ ಹಿಂದಿನ ಐರಾ ಪರ್ವತದ ಬೂದಿಯೂ ಇನ್ನು ಕೆಲವು ಬೂದಿಗಳೂ ಕಾಣುವುವು. ಆ ದೇಶದವರು ಈ ಕೆಸರನ್ನು ತೆಳುವಾಗಿ ಸೀಳಿ, ಗಾಜಿನ ಹಾಳೆಗಳ ನಡುವೆ ಅಳವಡಿಸಿ, ಅದಕ್ಕಾಗಿಯೇ 2018ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದಿರುವರು. ಕೆಸರಿಗೆ ಒಂದು ಮಂದಿರ! ಶಾಲೆಯ ಮಕ್ಕಳು ಅದರ ಪಕ್ಕದಲ್ಲಿ ನಡೆದು ಹೋಗುತ್ತ ತಮ್ಮ ದೇಶದ 70,000 ವರ್ಷಗಳನ್ನು ಕಣ್ಣಾರೆ ಕಾಣಬಹುದು.

ಇನ್ನು ನಮ್ಮ ದಕ್ಷಿಣ ದೇಶಕ್ಕೆ ಬರೋಣ. ಸುಮಾತ್ರಾ ದ್ವೀಪದಲ್ಲಿ ಟೋಬಾ ಎಂಬ ಸರೋವರವಿರುವುದು. ಉದ್ದ ಸುಮಾರು 100 ಕಿಲೋಮೀಟರು, ಅಗಲ ಸುಮಾರು 30. ಸುಮಾರು 74,000 ವರ್ಷಗಳ ಹಿಂದೆ ಅಲ್ಲಿಯ ಅಗ್ನಿಪರ್ವತವು 2,800 ಘನ ಕಿಲೋಮೀಟರುಗಳಷ್ಟು ಕರಗಿದ ಶಿಲೆಯನ್ನು ಕಕ್ಕಿ ತಾನೇ ಕುಸಿದುಬಿದ್ದ ಗುಂಡಿಯೇ ಆ ಸರೋವರದ ಪಾತ್ರ. ಆ ಬೂದಿಯು ಬಂಗಾಳ ಕೊಲ್ಲಿಯನ್ನು ದಾಟಿ ಭರತಖಂಡದ ಮೇಲೆಲ್ಲ ಬಿದ್ದಿತು. ಮಧ್ಯಪ್ರದೇಶದ ಸೋನ್ ನದಿಯ ಕಣಿವೆಯಲ್ಲಿ ಅದು ದೊರೆತಿರುವುದು. ಹಿಂದೆ ಕರ್ನೂಲು ಜಿಲ್ಲೆಗೆ ಸೇರಿದ್ದು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿರುವ ಜ್ವಾಲಾಪುರವೆಂಬ ಹಳ್ಳಿಯಲ್ಲಿ, ಜುರ್ರೇರು ಹಳ್ಳದ ಕಣಿವೆಯೊಳಗೆ, ಅದು ಎರಡೂವರೆ ಮೀಟರುಗಳಷ್ಟು ದಪ್ಪವಾಗಿ ಹಾಸಿಕೊಂಡಿರುವುದು. ಅಷ್ಟೂ ಆಕಾಶದಿಂದ ನೇರವಾಗಿ ಬಿದ್ದುದಲ್ಲ. ಆಗ ಅಲ್ಲಿದ್ದ ಜೌಗುನೀರಿನ ತಾಣಕ್ಕೆ ಮೊದಲು ತೆಳುವಾದ ಒಂದು ಪದರವು ಬಿದ್ದು, ಸುತ್ತಲಿನ ಗುಡ್ಡಗಳ ಮೇಲಿನ ಬೂದಿಯು ಆಮೇಲೆ ಕೊಚ್ಚಿ ಬಂದು ಅದರ ಮೇಲೆ ತುಂಬಿಕೊಂಡಿತು.

ಜ್ವಾಲಾಪುರದ ಉತ್ಖನನಕ್ಕೆ ನಾಯಕರಾದವರಲ್ಲಿ ಒಬ್ಬರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಅವರೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ವಿಷಯ. ಅವರೂ ಮೈಕೇಲ್ ಪೆಟ್ರಾಗ್ಲಿಯ ಮೊದಲಾದ ವಿದ್ವಾಂಸರೂ 2007ರಲ್ಲಿ ಪ್ರಕಟಿಸಿದಂತೆ, ಬೂದಿಯ ಕೆಳಗೂ ಕಲ್ಲಿನ ಆಯುಧಗಳು ದೊರೆತುವು, ಮೇಲೂ ದೊರೆತುವು. ಎರಡಕ್ಕೂ ಮಾಟದಲ್ಲಿ ಬಹಳ ಹೋಲಿಕೆಯಿದ್ದಿತು. ಮಣ್ಣಿನ ಕಣಗಳು ಕಡೆಯ ಬಾರಿ ಬಿಸಿಲನ್ನು ಕಂಡ ಕಾಲವನ್ನು ಅಳೆಯುವ ಬೇರೊಂದು ಪರೀಕ್ಷೆಯೂ ಕೆಳಗಿನ ಮಣ್ಣಿಗೆ ಸುಮಾರು 77,000, ಮೇಲಿನದಕ್ಕೆ ಸುಮಾರು 74,000 ವರ್ಷಗಳೆಂದು, ಕೆಲವು ಸಾವಿರ ವರ್ಷಗಳ ಹೆಚ್ಚುಕಡಮೆಯೊಡನೆ, ಸಾಕ್ಷಿ ಹೇಳಿತು. ಅಂಥ ಮಹಾಸ್ಫೋಟದಿಂದ ಲೋಕದ ಮೇಲೆ ಬಹುಕಾಲದ ಚಳಿಗಾಲ ಕವಿದು ಮನುಷ್ಯಕುಲವು ಹೆಚ್ಚುಕಡಮೆ ಅಳಿದೇ ಹೋಗಿದ್ದಿತೆಂದು ಕೆಲವರು ವಾದಿಸುತ್ತಿದ್ದರು. ಜ್ವಾಲಾಪುರದ ಆಯುಧಗಳು, ಬೂದಿ ಬಿದ್ದ ಮೇಲೆಯೂ ಇಲ್ಲಿ ಜನರು ಬದುಕಿ ಬಾಳಿದರೆಂಬ ಕಡೆಗೆ ಕೈತೋರಿಸಿದುವು. ಅವರು ಯಾವ ಬಗೆಯ ಮನುಷ್ಯರೆಂಬುದರಲ್ಲಿ ವಿದ್ವಾಂಸರೊಳಗೆ ಇನ್ನೂ ಭಿನ್ನಾಭಿಪ್ರಾಯವುಂಟು. 2020ರಲ್ಲಿ ಸೋನ್ ಕಣಿವೆಯ ಢಾಬಾ ಎಂಬ ಸ್ಥಳದಿಂದಲೂ, ಸುಮಾರು 80,000 ವರ್ಷಗಳಿಂದ 65,000 ವರ್ಷಗಳ ಹಿಂದಿನವರೆಗೆ ಜನವಸತಿಯು ಕಡಿದುಹೋಗಲಿಲ್ಲವೆಂಬ ವರದಿ ಬಂದಿತು.

ನಮಗೆ ಎಲ್ಲಕ್ಕಿಂತ ಆಶ್ಚರ್ಯಕರವೆಂದು ತೋರುವುದು ಇನ್ನೊಂದು ಸಂಗತಿ. ಟೋಬಾದಿಂದ 7,000 ಕಿಲೋಮೀಟರುಗಳಿಗೂ ದೂರದಲ್ಲಿ, ಆಫ್ರಿಕದ ಮಲಾವಿ ಸರೋವರದ ತಳದ ಕೆಸರಿನಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗಾಜಿನ ಕಣಗಳನ್ನು ಕ್ರಿಸ್ಟೀನ್ ಲೇನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಪತ್ತೆಮಾಡಿ, ಅವು ಟೋಬಾದವೇ ಎಂದು 2013ರಲ್ಲಿ ತೋರಿಸಿದರು. ಆ ಗೆರೆಯ ಮೇಲೂ ಕೆಳಗೂ ಇರುವ ಕೆಸರಿನಲ್ಲಿ ಹೇಳಿಕೊಳ್ಳುವಂಥ ಚಳಿಯ ಗುರುತು ಕಾಣಲಿಲ್ಲ. ಕಣ್ಣಿಗೆ ಕಾಣದ ಒಂದು ಗೆರೆಯು ಆಂಧ್ರದ ಒಂದು ಹಳ್ಳವನ್ನೂ ಆಫ್ರಿಕದ ಒಂದು ಸರೋವರವನ್ನೂ ಒಂದೇ ಕಾಲದಲ್ಲಿ ತಂದು ನಿಲ್ಲಿಸಿತು. ಶ್ರವಣಬೆಳಗೊಳದ ಕಲ್ಲಿಗೂ ಕಲ್ಯದ ಕಲ್ಲಿಗೂ ಇರುವ ನಂಟಿನಂಥ ನಂಟೇ ಇದು. ಬರೆದ ಕೈ ಮಾತ್ರ ಬೇರೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ಉಪಾಧ್ಯಾಯಿನಿಯ ಧರ್ಮಕ್ಕೆ ಕುಂದು ಬರುವುದು. ಬೂದಿಯೆಲ್ಲವೂ ಜ್ವಾಲಾಮುಖಿಯ ಬೂದಿಯಲ್ಲ. ಬಳ್ಳಾರಿಯ ಸಮೀಪದ ಕುಡತಿನಿಯ ಬೂದಿದಿಬ್ಬವನ್ನು ಹಾದಿಹೋಕರೆಲ್ಲರೂ ಕಂಡಿರುವರು. ಅದು ಭೀಮನಿಂದ ಹತನಾದ ಹಿಡಿಂಬಾಸುರನ ಮೂಳೆಗಳ ಬೂದಿಯೆಂದು ಅಲ್ಲಿಯ ಜನರ ಐತಿಹ್ಯ. ಬೇರೆ ಬೇರೆ ಕಾಲದ ವಿದ್ವಾಂಸರು ಬೇರೆ ಬೇರೆ ಊಹೆಗಳನ್ನು ಮಾಡಿದರು. ರಾಬರ್ಟ್ ಬ್ರೂಸ್ ಫೂಟ್ ಅವರು ಅದನ್ನು ಸುಟ್ಟ ಸೆಗಣಿಯ ರಾಶಿಯೆಂದು ಗುರುತಿಸಿದರು. ತೆಲಂಗಾಣದ ಉಟ್ನೂರಿನ ಇಂಥದೇ ದಿಬ್ಬವನ್ನು 1957ರಲ್ಲಿ ರೇಮಂಡ್ ಆಲ್ಚಿನ್ ಅವರು ಅಗೆದಾಗ, ದೊಡ್ಡಿಯ ಬೇಲಿಯ ಗೂಟದ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತು, ಅದು ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಹಟ್ಟಿಯೆಂಬುದು ಸ್ಥಿರಪಟ್ಟಿತು. ಬೂದಿಯನ್ನು ಕಂಡೊಡನೆ ರಾಕ್ಷಸನನ್ನಾಗಲಿ ಅಗ್ನಿಪರ್ವತವನ್ನಾಗಲಿ ಕರೆತರದೆ, ಅದರ ಪದರಗಳನ್ನು ತಾಳ್ಮೆಯಿಂದ ಬಿಡಿಸಿ ನೋಡಿದವರಿಗೆ ಸತ್ಯವು ಗೋಚರವಾಯಿತು.

ನಿಜವಾದ ಜ್ವಾಲಾಮುಖಿಯ ಬೂದಿಯೂ ದಾರಿ ತಪ್ಪಿಸಬಹುದು. ಪುಣೆ ಜಿಲ್ಲೆಯ ಬೋರಿ ಎಂಬಲ್ಲಿ ಕುಕಡಿ ನದಿಯ ದಂಡೆಯ ಬೂದಿಯ ಜೊತೆಯಲ್ಲಿ ಬಹು ಹಳೆಯ ಮಾದರಿಯ ಕೈಗೊಡಲಿಗಳು ದೊರೆತುವು. ಆ ಬೂದಿಗೆ ಒಂದು ಪರೀಕ್ಷೆಯು ಸುಮಾರು 14 ಲಕ್ಷ ವರ್ಷಗಳನ್ನೂ, ಇನ್ನೊಂದು ಸುಮಾರು 6,70,000 ವರ್ಷಗಳನ್ನೂ ಕೊಟ್ಟಿತು; ಗಾಜಿನ ರಾಸಾಯನಿಕ ಹೋಲಿಕೆಯನ್ನು ನೋಡಿದವರು ಅದು ಟೋಬಾದ 75,000 ವರ್ಷಗಳ ಬೂದಿಯೇ ಎಂದರು. ವಾದವು ಬಹುಕಾಲ ನಡೆಯಿತು. ನದಿಯೆಂಬುದು ಸರೋವರದಂತೆ ಸ್ಥಿರವಾದುದಲ್ಲ. ಹಳೆಯದನ್ನು ಕಿತ್ತು ಹೊಸದರ ಮೇಲೆ ಹಾಕುವುದು ಅದರ ಸ್ವಭಾವ. ಆದುದರಿಂದ ಬೂದಿ ಯಾವುದೆಂದು ಕೇಳುವುದರ ಜೊತೆಗೆ, ಅದು ಬಿದ್ದಲ್ಲಿಯೇ ಇರುವುದೋ, ಅಥವಾ ಬೇರೆ ಕಡೆಯಿಂದ ಸರಿದು ಬಂದುದೋ, ಅದರ ಕೆಳಗೇನಿರುವುದು, ಮೇಲೇನಿರುವುದು ಎಂದೂ ಕೇಳಬೇಕು. ಈ ಪ್ರಶ್ನೆಗಳನ್ನು ಅಗೆದು ತಂದ ರಾಶಿಯ ಮುಂದೆ ನಿಂತು ಕೇಳಿದರೆ ಉತ್ತರವಿಲ್ಲ. ಮಣ್ಣು ತನ್ನ ಸ್ಥಳದಲ್ಲಿಯೇ ನಿಂತಿರುವಾಗ ಕೇಳಿದರೆ ಮಾತ್ರ ಉತ್ತರವುಂಟು.

ನಮ್ಮ ಮುಖ್ಯವಾದ ಮಾತಿಗೆ ಈಗ ಬಂದೆವು. ಜ್ವಾಲಾಪುರದ ಬೂದಿಯನ್ನು ಅಲ್ಲಿಯವರು ಅಗೆದು ಮಾರುತ್ತಿದ್ದರು. ಅದು ಪಾತ್ರೆ ತಿಕ್ಕುವ ಪುಡಿಯಂಥ ಸಾಮಾನುಗಳಿಗೆ ಸೇರುತ್ತಿದ್ದಿತು. 74,000 ವರ್ಷ ಮಣ್ಣಿನಲ್ಲಿ ಭದ್ರವಾಗಿದ್ದ ಸಾಕ್ಷಿಯು ಬಚ್ಚಲಿನ ನೀರಿನೊಡನೆ ಹರಿದುಹೋಗುವುದೆಂದರೆ ಯಾರ ಮನಸ್ಸು ತಾನೇ ನೋಯದು? ಆದರೂ ಆ ಬಡ ಕೂಲಿಕಾರರನ್ನು ದೂಷಿಸಲು ನಾವು ಸಿದ್ಧರಿಲ್ಲ. ಅವರು ತೋಡಿದ ಗುಂಡಿಗಳ ಗೋಡೆಗಳಲ್ಲಿಯೇ ವಿದ್ವಾಂಸರಿಗೆ ಬೂದಿಯ ಪದರವು ಸ್ಪಷ್ಟವಾಗಿ ಕಾಣಿಸಿತೆಂಬುದನ್ನು ಮರೆಯಬಾರದು. ಅಗೆತವು ಸಾಕ್ಷಿಯನ್ನು ತೋರಿಸಲೂ ಬಲ್ಲದು, ಅಳಿಸಲೂ ಬಲ್ಲದು. ಎರಡಕ್ಕೂ ಇರುವ ವ್ಯತ್ಯಾಸವು ಒಂದು ಗೋಡೆಯನ್ನು ಉಳಿಸುವುದರಲ್ಲಿರುವುದು.

ನಮ್ಮ ಸೀಮೆಯ ಕೆರೆಗಳು ಮನುಷ್ಯರು ಕಟ್ಟಿದವು. ಅವುಗಳ ಹೂಳಿನ ವಯಸ್ಸನ್ನು ಶತಮಾನಗಳಲ್ಲಿ ಎಣಿಸಬೇಕಲ್ಲದೆ ಹತ್ತಾರು ಸಾವಿರಗಳಲ್ಲಲ್ಲ. ಆದುದರಿಂದ ಆ ಹೂಳಿನಲ್ಲಿ ಟೋಬಾದ ಬೂದಿಯನ್ನು ಹುಡುಕಿರೆಂದು ನಾವು ಹೇಳುವುದಿಲ್ಲ. ಆದರೆ ಕೆರೆ ಕಟ್ಟಿದ ಕಾಲ, ಬರ ಬಂದ ವರ್ಷಗಳು, ಕಾಡು ಕಡಿದ ಕಾಲ, ರಾಗಿಯ ಹೊಲ ಎದ್ದ ಕಾಲ, ಇವೆಲ್ಲವೂ ಆ ಹೂಳಿನಲ್ಲಿ ಅಡಗಿರಬಹುದು. ಜೆ.ಸಿ.ಬಿ. ಯಂತ್ರವು ಒಂದು ವಾರದಲ್ಲಿ ಕೆರೆಯಂಗಳವನ್ನು ಗಟ್ಟಿನೆಲದವರೆಗೂ ಬಾಚಿ, ನಾಲ್ಕು ದಿಕ್ಕಿನ ಹೊಲಗಳಿಗೆ ಚೆಲ್ಲಿಬಿಡುವುದು. ಕೆರೆಗೆ ನೀರು ಬೇಡವೆ, ಹೊಲಕ್ಕೆ ಗೋಡು ಬೇಡವೆ, ಅಂತರ್ಜಲ ಬತ್ತಿರುವಾಗ ಚರಿತ್ರೆಯ ಮಾತೇಕೆ ಎಂದು ಒಕ್ಕಲುತನ ಮಾಡುವ ಪೋಷಕರು ಕೇಳಿದರೆ, ಅವರ ಮಾತು ನ್ಯಾಯವಾದುದೇ. ಹೂಳೆತ್ತಬೇಕು, ಎತ್ತದಿದ್ದರೆ ಕೆರೆಯೇ ಉಳಿಯದು. ನಾವು ಬೇಡುವುದು ಕೆಲಸವನ್ನು ನಿಲ್ಲಿಸಬೇಕೆಂದಲ್ಲ, ಒಂದು ಕಂಬವನ್ನು ಬಿಡಬೇಕೆಂದು.

ಇದು ಹೊಸ ಮಾತೂ ಅಲ್ಲ. ಹಿಂದೆ ಗುದ್ದಲಿಯಿಂದ ಮಣ್ಣು ಅಗೆಯುತ್ತಿದ್ದ ಕೂಲಿಕಾರರು, ಎಷ್ಟು ಆಳ ಅಗೆದರೆಂಬುದಕ್ಕೆ ಗುರುತಾಗಿ, ಗುಂಡಿಯ ನಡುವೆ ಅಲ್ಲಲ್ಲಿ ಮೊದಲಿನ ಮಟ್ಟದ ಮಣ್ಣನ್ನು ಕಂಬದಂತೆ ನಿಲ್ಲಿಸಿ ಬಿಡುತ್ತಿದ್ದರು. ಅಳತೆಯ ಅಧಿಕಾರಿ ಬಂದು ಆ ಕಂಬವನ್ನು ನೋಡಿ ಕೂಲಿಯ ಲೆಕ್ಕವನ್ನು ಕಟ್ಟುತ್ತಿದ್ದನು. ಕೂಲಿಯ ಲೆಕ್ಕಕ್ಕೆ ಬೇಕಾದ ಸಾಕ್ಷಿಯು ಕಾಲದ ಲೆಕ್ಕಕ್ಕೆ ಬೇಡವೆ? ಕೆರೆಯ ಏರಿಗೂ ತೂಬಿಗೂ ತೊಂದರೆಯಾಗದ ಒಂದು ಕಡೆ, ನಾಲ್ಕು ಗಜ ಚೌಕದಷ್ಟು ಹೂಳನ್ನು ಮುಟ್ಟದೆ ಬಿಟ್ಟರೆ ಕೆರೆಯ ನೀರು ಕಡಮೆಯಾಗದು. ಪಂಚಾಯಿತಿಗೆ ಕಾಸಿನ ಖರ್ಚೂ ಇಲ್ಲ. ಹೂಳೆತ್ತುವ ವಾರದಲ್ಲಿ ಊರಿನ ಶಾಲೆಯ ಮಕ್ಕಳು ಉಪಾಧ್ಯಾಯರೊಡನೆ ಬಂದು, ಆ ಕಂಬದ ಮೈಯನ್ನು ಕರಣೆಯಿಂದ ನಯಮಾಡಿ, ಪದರಗಳನ್ನು ಅಳೆದು, ಚಿತ್ರ ಬರೆದು, ತೇದಿ ಹಾಕಿ ಇಟ್ಟರೆ, ಮುಂದೆ ಯಾವನಾದರೂ ಭೂಗರ್ಭಶಾಸ್ತ್ರಜ್ಞನು ಬಂದಾಗ ಅವನ ಕೈಗೆ ಕೊಡಲು ಒಂದು ದಾಖಲೆಯಾದರೂ ಇರುವುದು. ಈ ಕೆಲಸಕ್ಕೆ ಪದವಿ ಬೇಕಾಗಿಲ್ಲ. ಅಳತೆಯ ಪಟ್ಟಿ, ಸೀಸದ ಕಡ್ಡಿ, ಸುಳ್ಳು ಬರೆಯದ ಮನಸ್ಸು, ಇಷ್ಟಿದ್ದರೆ ಸಾಕು.

ಪೋಷಕ ಮಹಾಶಯರಲ್ಲಿ ನಮ್ಮ ಬಿನ್ನಹವೊಂದುಂಟು. ಹೆಣ್ಣುಮಗಳು ವಿಜ್ಞಾನವನ್ನು ಓದುವುದಾದರೆ ವೈದ್ಯಳಾಗಲೆಂದೂ ಇಂಜಿನಿಯರಳಾಗಲೆಂದೂ ಹಾರೈಸುವಿರಿ, ಅದು ಒಳ್ಳೆಯದೇ. ಕಲ್ಲು ಮಣ್ಣುಗಳನ್ನು ಓದುವ ವಿದ್ಯೆಯು ಮಾತ್ರ ಬಿಸಿಲಿನಲ್ಲಿ ಅಲೆಯುವ ಗಂಡಸರ ಪಾಡೆಂದು ತಿಳಿಯಬೇಡಿರಿ. ಕಮಲಾಪುರದ ಪರಾಗವನ್ನು ಓದಿದವರೂ ಮಲಾವಿಯ ಗಾಜನ್ನು ಕಂಡುಹಿಡಿದವರೂ ಸ್ತ್ರೀಯರೇ ಎಂಬುದನ್ನು ಮೇಲೆ ಹೇಳಿರುವೆವು. ಅಕ್ಕಿಯಲ್ಲಿ ಕಲ್ಲನ್ನು ಆರಿಸುವ ಕಣ್ಣಿಗೆ ಕೆಸರಿನಲ್ಲಿ ಗಾಜಿನ ಕಣವನ್ನು ಆರಿಸುವುದು ಅಸಾಧ್ಯವಲ್ಲ. ಶಾಲೆಯವರು ಮಕ್ಕಳನ್ನು ಕೆರೆಯಂಗಳಕ್ಕಾಗಲಿ ಬೆಟ್ಟದ ತಪ್ಪಲಿಗಾಗಲಿ ಪಾಠಕ್ಕಾಗಿ ಕರೆದುಕೊಂಡು ಹೋಗುವೆವೆಂದು ಚೀಟಿ ಕಳುಹಿಸಿದಾಗ, ಬಟ್ಟೆ ಕೆಸರಾಗುವುದೆಂದು ಅನುಮತಿಯನ್ನು ತಡೆಯಬೇಡಿರಿ. ಚರಿತ್ರೆಯ ಪುಸ್ತಕದಲ್ಲಿ ಒಂದು ಪುಟವನ್ನು ಕಂಠಪಾಠ ಮಾಡಿದ ಹುಡುಗಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗುವಳು. ಆ ಪುಟದ ಮಾತು ಸತ್ಯವೆಂದು ಹೇಗೆ ಗೊತ್ತಾಯಿತೆಂದು ಕೇಳಲು ಕಲಿತ ಹುಡುಗಿಯು ಬಾಳಿನಲ್ಲಿ ಮೋಸಹೋಗಳು. ನಮ್ಮ ಕುಲ ಇಷ್ಟು ಸಾವಿರ ವರ್ಷದ್ದು, ನಮ್ಮ ಊರು ಅಷ್ಟು ಸಾವಿರ ವರ್ಷದ್ದೆಂದು ಹೇಳುವವರು ಈ ಕಾಲದಲ್ಲಿ ಬಹಳ ಮಂದಿ. ಅವರೊಡನೆ ಜಗಳವಾಡಬೇಕಾಗಿಲ್ಲ. ಯಾವ ಪದರದಲ್ಲಿ ದೊರೆಯಿತು, ಅದರ ಕೆಳಗೇನಿತ್ತು, ಮೇಲೇನಿತ್ತು ಎಂದು ವಿನಯದಿಂದ ಕೇಳಿದರೆ ಸಾಕು.

ಹಳೆಯ ವಿದ್ಯಾರ್ಥಿನಿಯರಿಗೆ ಬೇರೆಯಾಗಿ ಹೇಳುವುದೇನೆಂದರೆ: ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವುವು, ನಿಮ್ಮಲ್ಲಿ ಕೆಲವರು ಆ ಸ್ಥಾನಗಳಲ್ಲಿ ಕುಳಿತಿರಬಹುದು, ಇನ್ನು ಕೆಲವರು ಸ್ತ್ರೀಶಕ್ತಿ ಸಂಘಗಳನ್ನು ನಡೆಸುತ್ತಿರಬಹುದು, ಹಲವರು ತಾವೇ ಉಪಾಧ್ಯಾಯಿನಿಯರಾಗಿರಬಹುದು. ನಿಮ್ಮ ಊರಿನ ಕೆರೆಯ ಹೂಳೆತ್ತುವ ಮಾತು ಸಭೆಯಲ್ಲಿ ಬಂದ ದಿನ, ಎದ್ದು ನಿಂತು ಒಂದು ಕಂಬವನ್ನು ಬಿಡಿಸಿರಿ. ಅದನ್ನು ಅಳೆದು ಬರೆದ ಕಾಗದದ ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿಯೂ ಇನ್ನೊಂದನ್ನು ಊರಿನ ಶಾಲೆಯಲ್ಲಿಯೂ ಇಡಿಸಿರಿ. ಮೂರನೆಯ ಪ್ರತಿಯನ್ನು ನಮಗೆ ಕಳುಹಿಸಿದರೆ, ಶಾಲೆಯ ಪುಸ್ತಕಭಂಡಾರದಲ್ಲಿ ಅದಕ್ಕೆಂದೇ ಒಂದು ಕಪಾಟನ್ನು ತೆರವು ಮಾಡಿ ಇಟ್ಟುಕೊಂಡು ಕಾಯುವೆವು.